ಕೈಚೀಲದ ಸ್ವಯಂವರ

ಪ್ಯಾರಿಸ್ ನಗರದ ಫೋಬೂರ್ ಸೇಂತೊನೊರೆ ಬೀದಿಯ 24ನೆಯ ನಂಬರಿನ ಕಟ್ಟಡದಲ್ಲಿ ಒಂದು ಹಳೆಯ ಅಂಗಡಿಯಿದೆ. ಅದರ ಹೆಸರನ್ನು ನಮ್ಮವರು ‘ಹರ್ಮೀಸ್’ ಎಂದು ಓದುವುದುಂಟು. ಫ್ರೆಂಚರು ಮೊದಲಕ್ಷರವನ್ನು ನುಂಗಿ ‘ಎರ್ಮೆಸ್’ ಎನ್ನುತ್ತಾರೆ. ರೇಷ್ಮೆಯ ಕೊರಳವಸ್ತ್ರ, ಕುದುರೆಯ ಜೀನು, ಅತ್ತರು, ಪಿಂಗಾಣಿಯ ಬಟ್ಟಲು ಇವೆಲ್ಲವೂ ಅಲ್ಲಿ ಬೆಲೆ ತೆತ್ತವರಿಗೆ ದೊರೆಯುತ್ತವೆ. ಆದರೆ ಕೈತುಂಬ ಹಣ ಹಿಡಿದು ಒಳಹೊಕ್ಕ ಅಪರಿಚಿತ ಮಹಿಳೆಯೊಬ್ಬಳು, “ನನಗೊಂದು ಬರ್ಕಿನ್ ಚೀಲ ಬೇಕು” ಎಂದು ಕೇಳಿದಳೆನ್ನಿ. ಅಂಗಡಿಯಾತ ವಿನಯದಿಂದ ಮುಗುಳ್ನಗುತ್ತಾನೆ, ವಿಷಾದ ಸೂಚಿಸುತ್ತಾನೆ. ಚೀಲವಿಲ್ಲ. ಯಾವಾಗ ಬರುವುದೆಂದು ಕೇಳಿದರೆ ಅದಕ್ಕೂ ಖಚಿತವಾದ ಉತ್ತರವಿಲ್ಲ. ಗಾಜಿನ ಕಪಾಟಿನಲ್ಲಿ ಒಂದು ಚೀಲ ಕಣ್ಣೆದುರಿಗೇ ಕುಳಿತಿದ್ದರೂ ಅದು ನೋಟಕ್ಕೆ ಮಾತ್ರ, ಮಾರಾಟಕ್ಕಲ್ಲ.

ವ್ಯಾಪಾರವೆಂದರೆ ಗಿರಾಕಿಯು ಸರಕನ್ನು ಆರಿಸುವುದು. ಇದು ಸಂತೆಯ ಸೊಪ್ಪಿನಿಂದ ಹಿಡಿದು ಚಿನ್ನದ ಬಳೆಯವರೆಗೆ ಎಲ್ಲೆಡೆಯೂ ನಡೆದುಬಂದ ಕ್ರಮ. ಇಲ್ಲಿ ಸರಕೇ ಗಿರಾಕಿಯನ್ನು ಆರಿಸುತ್ತದೆ. ನಮ್ಮ ಪುರಾಣಗಳ ಸ್ವಯಂವರದಲ್ಲಿ ಬಿಲ್ಲನ್ನೆತ್ತಿ ಹೆದೆಯೇರಿಸಬೇಕಾಗಿತ್ತು, ಮತ್ಸ್ಯಯಂತ್ರವನ್ನು ಭೇದಿಸಬೇಕಾಗಿತ್ತು. ಅಲ್ಲಿನ ಪಣ ಏನೆಂಬುದಾದರೂ ಸಭೆಗೆಲ್ಲ ತಿಳಿದಿರುತ್ತಿತ್ತು. ಈ ಸ್ವಯಂವರದಲ್ಲಿ ಪಣವೇನೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಸಾಧಾರಣ ಕರುವಿನ ಚರ್ಮದಿಂದ ಮಾಡಿದ ಬರ್ಕಿನ್ ಚೀಲಕ್ಕೆ ಅಮೆರಿಕದ ಅಂಗಡಿಗಳಲ್ಲಿ ಹತ್ತು ಸಾವಿರ ಡಾಲರುಗಳಿಗೂ ಮೇಲ್ಪಟ್ಟ ಬೆಲೆ. ಮೊಸಳೆಯ ಚರ್ಮದ್ದಾದರೆ ಅದರ ಹಲವು ಪಟ್ಟು. ಈ ಚೀಲಕ್ಕೆ ಜಾಹೀರಾತಿನ ಅಬ್ಬರವಿಲ್ಲ; ಸಂಸ್ಥೆಯ ಅಂತರಜಾಲದ ಅಂಗಡಿಯಲ್ಲಿ ಅದು ಮಾರಾಟಕ್ಕೆ ಬರುವುದಿಲ್ಲ; ರಿಯಾಯಿತಿ ಮಾರಾಟದಲ್ಲಿ ಅದನ್ನು ಕಂಡವರಿಲ್ಲ. ಪ್ಯಾರಿಸಿನಲ್ಲಿ ಚರ್ಮದ ವಸ್ತುಗಳ ವಿಭಾಗದವರೊಡನೆ ಮಾತನಾಡಬೇಕಾದರೂ ಮುನ್ನಾದಿನ ಹೆಸರು ನೋಂದಾಯಿಸಿ, ಚೀಟಿ ಎತ್ತಿದಂತೆ ನಡೆಯುವ ಆಯ್ಕೆಯಲ್ಲಿ ಅದೃಷ್ಟ ಒಲಿಯಬೇಕು. ಭೇಟಿಯ ಸಮಯ ದೊರೆತ ಮಾತ್ರಕ್ಕೆ ಚೀಲ ದೊರೆಯುವುದೆಂಬ ಭರವಸೆಯೂ ಇಲ್ಲ. ಇಷ್ಟೆಲ್ಲ ಇದ್ದರೂ, ಅಥವಾ ಇಷ್ಟೆಲ್ಲ ಇರುವುದರಿಂದಲೇ, ಲೋಕದ ಸಿರಿವಂತ ಮಹಿಳೆಯರು ಇದಕ್ಕಾಗಿ ಹಂಬಲಿಸುತ್ತಾರೆ.

ವಾಂತಿಯ ಚೀಲದ ಮೇಲೆ ಮೂಡಿದ ಚಿತ್ರ

ಎರ್ಮೆಸ್ ಮನೆತನದ ಮೂಲಪುರುಷ ತಿಯೆರಿ ಎರ್ಮೆಸ್ 1801ರಲ್ಲಿ ಜರ್ಮನಿಯ ಕ್ರೇಫೆಲ್ಡ್ ಪಟ್ಟಣದಲ್ಲಿ ಜನಿಸಿದವನು. 1837ರಲ್ಲಿ ಪ್ಯಾರಿಸಿನಲ್ಲಿ ಆತ ತೆರೆದದ್ದು ಸಾರೋಟಿನ ಕುದುರೆಗಳಿಗೆ ಬೇಕಾದ ಚರ್ಮದ ಪಟ್ಟಿ, ಲಗಾಮುಗಳನ್ನು ಹೊಲಿಯುವ ಕಾರ್ಯಾಗಾರ. 1880ರಲ್ಲಿ ಅವನ ಮಗ ಅದನ್ನು ಈಗಿನ ಬೀದಿಗೆ ಸ್ಥಳಾಂತರಿಸಿ ಜೀನು ತಯಾರಿಕೆಯನ್ನೂ ಸೇರಿಸಿದನು. ಮೋಟಾರು ಬಂದು ಕುದುರೆ ಹಿಂದೆ ಸರಿದಾಗ ಅನೇಕ ಜೀನುಗಾರರು ಅಂಗಡಿ ಮುಚ್ಚಿದರು. ಈ ಮನೆತನದವರು ಅದೇ ಸೂಜಿ ದಾರಗಳಿಂದ ಪ್ರಯಾಣಿಕರ ಚೀಲಗಳನ್ನು ಹೊಲಿಯತೊಡಗಿದರು. 1930ರ ದಶಕದಲ್ಲಿ ಮನೆಯ ಅಳಿಯ ರಾಬರ್ಟ್ ದ್ಯುಮಾ ರೂಪಿಸಿದ ಮಹಿಳೆಯರ ಚೀಲವೊಂದು 1956ರಲ್ಲಿ ಇದ್ದಕ್ಕಿದ್ದಂತೆ ಪ್ರಸಿದ್ಧಿಗೆ ಬಂತು. ಹಾಲಿವುಡ್ಡಿನ ತಾರೆ ಗ್ರೇಸ್ ಕೆಲ್ಲಿ ಆ ವರ್ಷವಷ್ಟೇ ಮೊನಾಕೊ ದೇಶದ ರಾಜಕುಮಾರನನ್ನು ವರಿಸಿದ್ದಳು. ಗರ್ಭಿಣಿಯಾಗಿದ್ದ ಆಕೆ ಛಾಯಾಗ್ರಾಹಕರ ಕಣ್ಣಿನಿಂದ ಉದರವನ್ನು ಮರೆಮಾಡಲು ಅದೇ ಚೀಲವನ್ನು ಅಡ್ಡಹಿಡಿದಳು. ಚಿತ್ರ ಲೋಕವನ್ನೆಲ್ಲ ಸುತ್ತಿತು. ಚೀಲಕ್ಕೆ ‘ಕೆಲ್ಲಿ’ ಎಂಬ ಹೆಸರೇ ನಿಂತಿತು. ಸಂಸ್ಥೆ ಅದನ್ನು ವಿಧಿವತ್ತಾಗಿ ಒಪ್ಪಿಕೊಂಡದ್ದು 1977ರಲ್ಲಿ.

ಬರ್ಕಿನ್ನಿನ ಜನನ ಇದಕ್ಕಿಂತ ಸ್ವಾರಸ್ಯಕರ. ಜೇನ್ ಬರ್ಕಿನ್ ಲಂಡನಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಹೆಸರು ಮಾಡಿದ ಗಾಯಕಿ, ಅಭಿನೇತ್ರಿ. ಎಲ್ಲಿಗೆ ಹೋದರೂ ಬೆತ್ತದ ಬುಟ್ಟಿಯೊಂದನ್ನು ತೋಳಿಗೇರಿಸಿಕೊಂಡು ಹೋಗುವುದು ಆಕೆಯ ಪದ್ಧತಿ. 1980ರ ದಶಕದ ಆರಂಭದಲ್ಲಿ ಪ್ಯಾರಿಸಿನಿಂದ ಲಂಡನಿಗೆ ಹೊರಟ ವಿಮಾನದಲ್ಲಿ ಆಕೆಯ ಸಾಮಾನುಗಳೆಲ್ಲ ಚೆಲ್ಲಿಹೋದವು. ಪಕ್ಕದ ಆಸನದಲ್ಲಿದ್ದ ಮಹಾಶಯನೊಡನೆ ಆಕೆ ತನ್ನ ಕಷ್ಟವನ್ನು ತೋಡಿಕೊಂಡಳು: ತಾಯಂದಿರಿಗೆ ಬೇಕಾದದ್ದೆಲ್ಲವನ್ನೂ ಹಿಡಿಸುವಂಥ ಒಂದು ಚೀಲ ಸಿಗುವುದೇ ಇಲ್ಲವಲ್ಲ! ಆ ಮಹಾಶಯ ರಾಬರ್ಟ್ ದ್ಯುಮಾನ ಮಗ, 1978ರಿಂದ ಎರ್ಮೆಸ್ ಸಂಸ್ಥೆಯ ಮುಖ್ಯಸ್ಥನಾಗಿದ್ದ ಜಾನ್ ಲೂಯಿ ದ್ಯುಮಾ. ವಿಮಾನದಲ್ಲಿ ವಾಂತಿಗಾಗಿ ಇಟ್ಟಿರುವ ಕಾಗದದ ಚೀಲದ ಮೇಲೆಯೇ ಇಬ್ಬರೂ ಹೊಸ ಚೀಲದ ನಕ್ಷೆ ಗೀಚಿದರು. 1984ರಲ್ಲಿ ‘ಬರ್ಕಿನ್’ ಹೊರಬಂತು.

ಬಾಯಿ ಅಗಲವಾಗಿ ತೆರೆದಿದ್ದು, ಮಗುವಿನ ಹಾಲಿನ ಸೀಸೆಯನ್ನೂ ಹಿಡಿಸಬಲ್ಲ, ನೆಲದ ಮೇಲಿಟ್ಟರೆ ಬೀಳದ ಚೀಲ ಅದು. ಉಪಯೋಗವೇ ಅದರ ಹುಟ್ಟಿನ ಕಾರಣ. ಜೇನ್ ಬರ್ಕಿನ್ ಅದನ್ನು ಹಾಗೆಯೇ ಬಳಸಿದಳು. ಕಾಗದಪತ್ರಗಳನ್ನು ತುರುಕಿದಳು, ಹೊರಮೈಗೆ ಧರ್ಮಸಂಸ್ಥೆಗಳ ಚೀಟಿಗಳನ್ನು ಅಂಟಿಸಿದಳು, ಉಗುರು ಕತ್ತರಿಸುವ ಸಾಧನವೊಂದನ್ನು ಪಟ್ಟಿಗೆ ತೂಗುಬಿಟ್ಟಳು. ಇಂದು ಅದೇ ಹೆಸರಿನ ಚೀಲಗಳೆಷ್ಟೋ ಮೃದುವಾದ ಬಟ್ಟೆಯಲ್ಲಿ ಸುತ್ತಲ್ಪಟ್ಟು, ಪೆಟ್ಟಿಗೆಯೊಳಗಿನ ಕತ್ತಲಲ್ಲಿ, ಒಂದು ದಿನವೂ ತೋಳನ್ನೇರದೆ ಕುಳಿತಿವೆ.

ಎರಡು ಸೂಜಿ, ಒಂದು ದಾರ

ಈ ಚೀಲದ ಅಭಾವವೆಲ್ಲ ಬರಿಯ ನಟನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಚೀಲವನ್ನು ಹೊಲಿಯುವ ಬಗೆಯನ್ನು ಕಂಡವರು ಹಾಗೆ ಹೇಳಲಾರರು.

ಒಂದು ಚೀಲ ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಕುಶಲಕರ್ಮಿಯ ಕೈಯಲ್ಲಿ ರೂಪುಗೊಳ್ಳುತ್ತದೆ. ಎರಡು ತೊಡೆಗಳ ನಡುವೆ ಮರದ ಇಕ್ಕಳವನ್ನು ನಿಲ್ಲಿಸಿಕೊಂಡು, ಅದರ ಬಾಯಲ್ಲಿ ಚರ್ಮದ ತುಂಡುಗಳನ್ನು ಬಿಗಿದು, ಆತ ಉಳಿಯಿಂದ ಒಂದೊಂದೇ ರಂಧ್ರ ಮಾಡುತ್ತ ಹೋಗುತ್ತಾನೆ. ದಾರ ನಾರಗಸೆಯದು, ಅದಕ್ಕೆ ಜೇನುಮೇಣವನ್ನು ಸವರಿರುತ್ತದೆ. ದಾರದ ಎರಡು ತುದಿಗೂ ಒಂದೊಂದು ಸೂಜಿ. ಪ್ರತಿಯೊಂದು ರಂಧ್ರದಲ್ಲಿಯೂ ಎರಡು ಸೂಜಿಗಳು ಎದುರುಬದುರಾಗಿ ನುಗ್ಗಿ ದಾಟಬೇಕು. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನ ದಾರವನ್ನು ಕೊಕ್ಕೆಯಂತೆ ಹಿಡಿದಿರುತ್ತದೆ. ಒಂದು ಕಡೆ ಕಡಿದರೆ ಸಾಲು ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ಜೀನುಗಾರನ ಈ ಹೊಲಿಗೆಯಲ್ಲಿ ಒಂದು ಎಳೆ ಕಡಿದರೂ ಇನ್ನೊಂದು ತನ್ನ ಸ್ಥಾನದಲ್ಲಿ ನಿಂತು ಹಿಡಿದುಕೊಳ್ಳುತ್ತದೆ. ಓಡುವ ಕುದುರೆಯ ಮೇಲೆ ಕುಳಿತವನ ಪ್ರಾಣ ಒಮ್ಮೊಮ್ಮೆ ಈ ದಾರವನ್ನು ನಂಬಿಕೊಂಡಿರುತ್ತಿತ್ತು. ಹೊಲಿಗೆ ಹುಟ್ಟಿದ್ದು ಆ ಅಗತ್ಯದಿಂದ. ತರಕಾರಿ ಸಂತೆಗೂ ಹೋಗದ ಚೀಲಕ್ಕೆ ಇಷ್ಟು ಭದ್ರತೆ ಏತಕ್ಕೆಂದು ಕೇಳುವವರು ಕೇಳಬಹುದು. ಆದರೆ ಆ ಕೈಗೆಲಸವನ್ನು ಕಂಡು ತಲೆದೂಗದೆ ಇರುವುದು ಕಷ್ಟ.

ಒಂದು ಬರ್ಕಿನ್ನಿಗೆ ಹದಿನೈದರಿಂದ ಇಪ್ಪತ್ತು ಗಂಟೆಗಳ ದುಡಿಮೆ ಬೇಕು. ಮುಗಿಸಿದವನು ಒಳಗೆ ತನ್ನ ಗುರುತನ್ನು ಒತ್ತುತ್ತಾನೆ. ಎಷ್ಟೋ ವರ್ಷಗಳ ಅನಂತರ ದುರಸ್ತಿಗೆ ಬಂದರೂ ಇದು ಇಂಥವರ ಕೈಯದೆಂದು ತಿಳಿಯುತ್ತದೆ. ಇಂಥ ಕುಶಲಿಯನ್ನು ತರಬೇತುಗೊಳಿಸಲು ಒಂದೂವರೆ ವರ್ಷದಷ್ಟು ಕಾಲ ಹಿಡಿಯುತ್ತದೆ. ಸಂಸ್ಥೆಯವರು ಫ್ರಾನ್ಸಿನ ಸಣ್ಣ ಊರುಗಳಲ್ಲಿ ಒಂದೊಂದಾಗಿ ಕಾರ್ಯಾಗಾರಗಳನ್ನು ತೆರೆಯುತ್ತ ಬಂದಿದ್ದಾರೆ. 2023ರಲ್ಲಿ ಲೂವಿಯೆ ಎಂಬಲ್ಲಿ, 2024ರಲ್ಲಿ ರಿಯೋಂ ಎಂಬಲ್ಲಿ. ಒಂದೊಂದರಲ್ಲೂ ಇನ್ನೂರೈವತ್ತು ಮುನ್ನೂರು ಜನಕ್ಕೆ ಮಾತ್ರ ಸ್ಥಳ. ಹೀಗಾಗಿ ನಾಳೆಯೇ ಚೀಲಗಳ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು ಅವರಿಗೂ ಸಾಧ್ಯವಿಲ್ಲ. ಇಷ್ಟು ನಿಜ.

ನಿಜದ ಮೇಲೆ ಕಟ್ಟಿದ ನಾಟಕ ಯಾವುದೆಂದರೆ, ಇರುವ ಚೀಲಗಳನ್ನು ಹಂಚುವ ರೀತಿ. ಸರಕು ಕಡಮೆಯಿದ್ದರೆ ಸರದಿಯ ಪಟ್ಟಿ ಮಾಡಬಹುದು. ಮೊದಲು ಬಂದವರಿಗೆ ಮೊದಲು ಕೊಡಬಹುದು. ಲೈಸೆನ್ಸು ಪರ್ಮಿಟ್ಟುಗಳ ಕಾಲದಲ್ಲಿ ಸ್ಕೂಟರಿಗೆಂದು ಹಣ ಕಟ್ಟಿ ವರ್ಷಗಟ್ಟಲೆ ಕಾದ ಸಂಸಾರಗಳು ನಮ್ಮ ದೇಶದಲ್ಲಿ ಲೆಕ್ಕವಿಲ್ಲದಷ್ಟಿದ್ದವು. ಅಲ್ಲಿ ಅಭಾವವನ್ನು ಯಾರೂ ಮೆಚ್ಚಿರಲಿಲ್ಲ. ಸರದಿ ಬಂದಾಗ ಹೆಸರು ಕೂಗಿದರೆ ಸಾಕಾಗಿತ್ತು. ಬರ್ಕಿನ್ನಿಗೂ ಒಂದು ಕಾಲದಲ್ಲಿ ಕಾಯುವವರ ಪಟ್ಟಿಯೊಂದಿದೆಯೆಂಬ ಪ್ರತೀತಿಯಿತ್ತು. ಐದು ವರ್ಷ ಕಾಯಬೇಕೆಂಬ ಮಾತು 2001ರಲ್ಲಿ ಅಮೆರಿಕದ ದೂರದರ್ಶನದ ‘ಸೆಕ್ಸ್ ಅಂಡ್ ದಿ ಸಿಟಿ’ ಎಂಬ ವಿನೋದ ಧಾರಾವಾಹಿಗೂ ಸಾಮಗ್ರಿಯಾಯಿತು.

ಈ ಪಟ್ಟಿಯ ಗುಟ್ಟನ್ನು ಬಯಲಿಗೆಳೆದವನು ಮೈಕೆಲ್ ಟೊನೆಲ್ಲೊ ಎಂಬ ಅಮೆರಿಕನ್. ಬಾರ್ಸಿಲೋನಾದಲ್ಲಿ ನೆಲೆಸಿ, ಅಂತರಜಾಲದ ಹರಾಜು ಕಟ್ಟೆಯಲ್ಲಿ ಬೆಲೆಬಾಳುವ ವಸ್ತುಗಳನ್ನು ಮಾರುತ್ತ ಜೀವನ ನಡೆಸಿದ ಈತ, ಯುರೋಪಿನ ಒಂದಾದಮೇಲೊಂದು ಎರ್ಮೆಸ್ ಅಂಗಡಿಯನ್ನು ಹೊಕ್ಕು ಬರ್ಕಿನ್ ಕೇಳಿ ಬರಿಗೈಯಲ್ಲಿ ಹಿಂದಿರುಗಿದನು. ಕೊನೆಗೆ ಉಪಾಯ ಹೊಳೆಯಿತು. ಮೊದಲು ನಾಲ್ಕಾರು ರೇಷ್ಮೆ ವಸ್ತ್ರಗಳನ್ನೂ ಮತ್ತಿತರ ಸಾಮಾನುಗಳನ್ನೂ ಆರಿಸಿ ರಾಶಿ ಹಾಕುವುದು; ಲೆಕ್ಕ ಮಾಡುವ ಹೊತ್ತಿಗೆ, ಏನೋ ನೆನಪಾದವನಂತೆ, “ಅಂದಹಾಗೆ, ಬರ್ಕಿನ್ ಏನಾದರೂ ಇದೆಯೇ?” ಎಂದು ವಿಚಾರಿಸುವುದು. ಇಲ್ಲದ ಚೀಲ ಆಗ ಒಳಕೋಣೆಯಿಂದ ಹೊರಬರುತ್ತಿತ್ತು! 2008ರಲ್ಲಿ ಆತ ತನ್ನ ಈ ಬೇಟೆಯ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದನು.

ಅಂದಿನಿಂದ ಈಚೆಗೆ ಗಿರಾಕಿಗಳ ನಡುವೆ ಒಂದು ಅಲಿಖಿತ ಶಾಸ್ತ್ರವೇ ಬೆಳೆದಿದೆ. ಒಂದೇ ಅಂಗಡಿಗೆ ಪದೇ ಪದೇ ಹೋಗಬೇಕು. ಒಬ್ಬನೇ ಮಾರಾಟಗಾರನ ಸ್ನೇಹ ಸಂಪಾದಿಸಬೇಕು. ಪಾದರಕ್ಷೆ, ಕೈಬಳೆ, ಕಂಬಳಿ, ತಟ್ಟೆ ಬಟ್ಟಲುಗಳನ್ನು ಬೇಕಿದ್ದರೂ ಬೇಡದಿದ್ದರೂ ಕೊಳ್ಳುತ್ತಿರಬೇಕು. ಹೀಗೆ ‘ಚರಿತ್ರೆ’ ಬೆಳೆದಮೇಲೆ ಒಂದು ಶುಭದಿನ ಕರೆ ಬರುತ್ತದೆ. ಬಣ್ಣ, ಚರ್ಮ, ಅಳತೆಗಳ ವಿಷಯದಲ್ಲಿ ಹೆಚ್ಚು ಚೌಕಾಸಿ ಸಲ್ಲದು. ಕೋಟ್ಯಧೀಶ್ವರರ ಮಡದಿಯರು ಅಂಗಡಿಯ ನೌಕರನೊಬ್ಬನ ಕೃಪಾಕಟಾಕ್ಷಕ್ಕಾಗಿ ಕಾಯುವ ದೃಶ್ಯ ವಿನೋದಕರವಾದರೂ, ಸಾಲ ಮಾಡಿಯಾದರೂ ಈ ಸಾಲಿನಲ್ಲಿ ನಿಲ್ಲಬೇಕೆಂದು ಹೊರಡುವ ಸಾಮಾನ್ಯ ಸಂಬಳಗಾರರ ವಿಷಯದಲ್ಲಿ ನಗು ಬರುವುದಿಲ್ಲ.

ಜಾಡಿಯಲ್ಲಿ ಎರಡೇ ಬಿಸ್ಕತ್ತು

ಮನುಷ್ಯನ ಈ ದೌರ್ಬಲ್ಯವನ್ನು ಪಂಡಿತರು ಗಮನಿಸದೆ ಇಲ್ಲ. ಥೋರ್‌ಸ್ಟೈನ್ ವೆಬ್ಲೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1899ರಷ್ಟು ಹಿಂದೆಯೇ, ಸಿರಿವಂತರು ಸಿರಿಯನ್ನು ತೋರಿಸಿಕೊಳ್ಳುವುದಕ್ಕಾಗಿಯೇ ವೆಚ್ಚ ಮಾಡುತ್ತಾರೆಂದು ದೊಡ್ಡ ಗ್ರಂಥ ಬರೆದನು. 1950ರಲ್ಲಿ ಹಾರ್ವೆ ಲೈಬೆನ್‌ಸ್ಟೈನ್ ಎಂಬಾತ ಇನ್ನೂ ಸೂಕ್ಷ್ಮವಾದ ಭೇದ ಮಾಡಿ ತೋರಿಸಿದನು: ಕೆಲವರು ಎಲ್ಲರೂ ಕೊಂಡರೆಂದು ಕೊಳ್ಳುತ್ತಾರೆ, ಕೆಲವರು ಎಲ್ಲರೂ ಕೊಂಡರೆಂದೇ ಬಿಟ್ಟುಬಿಡುತ್ತಾರೆ, ಕೆಲವರು ಬೆಲೆ ಹೆಚ್ಚೆಂದೇ ಕೊಳ್ಳುತ್ತಾರೆ. ಈ ಮೂವರನ್ನೂ ಒಂದೇ ಬಾಗಿಲಿನಲ್ಲಿ ನಿಲ್ಲಿಸಿರುವುದು ಬರ್ಕಿನ್ನಿನ ಜಾಣತನ.

ಇವೆಲ್ಲಕ್ಕಿಂತ ಸರಳವಾದದ್ದು ಸ್ಟೀಫನ್ ವರ್ಚೆಲ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗ. ಕೆಲವರಿಗೆ ಹತ್ತು ಬಿಸ್ಕತ್ತುಗಳಿದ್ದ ಗಾಜಿನ ಜಾಡಿಯಿಂದಲೂ, ಕೆಲವರಿಗೆ ಎರಡೇ ಇದ್ದ ಜಾಡಿಯಿಂದಲೂ ಬಿಸ್ಕತ್ತು ಕೊಟ್ಟು ಅಭಿಪ್ರಾಯ ಕೇಳಿದರು. ಎರಡರ ಜಾಡಿಯವರು ತಮ್ಮ ಬಿಸ್ಕತ್ತೇ ಹೆಚ್ಚು ಬೆಲೆಯುಳ್ಳದ್ದು, ಹೆಚ್ಚು ಬೇಕೆನಿಸುವಂಥದು ಎಂದರು. ಮೊದಲು ಹತ್ತಿದ್ದು, ಬೇರೆಯವರು ಬಯಸಿದ್ದರಿಂದ ಎರಡಕ್ಕೆ ಇಳಿದ ಜಾಡಿಯ ಬಿಸ್ಕತ್ತಿಗಂತೂ ಎಲ್ಲಕ್ಕಿಂತ ಹೆಚ್ಚಿನ ಮನ್ನಣೆ. ರುಚಿಯ ವಿಷಯಕ್ಕೆ ಬಂದಾಗ ಮಾತ್ರ, ಅದು ಹೆಚ್ಚು ರುಚಿಕರವೆಂದು ಅವರು ಹೇಳಲಿಲ್ಲ. ಬಿಸ್ಕತ್ತು ಒಂದೇ ಡಬ್ಬಿಯದಾಗಿತ್ತು. ಮನೆಯಲ್ಲಿ ಇಬ್ಬರು ಮಕ್ಕಳಿರುವ ತಾಯಂದಿರಿಗೆ ಈ ಪ್ರಯೋಗದ ಫಲಿತಾಂಶ ಹೊಸದಾಗಿ ತೋರಲಾರದು.

ಹೆಚ್ಚು ಮಾರಿದರೆ ಹೆಚ್ಚು ಲಾಭ ಎಂಬ ಸಾಧಾರಣ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಪಿಯರ್ ಕಾರ್ಡಿನ್ ಒಂದು ಕಾಲಕ್ಕೆ ಪ್ಯಾರಿಸಿನ ವಸ್ತ್ರವಿನ್ಯಾಸಕರಲ್ಲಿ ಅಗ್ರಗಣ್ಯನಾಗಿದ್ದನು. ನೂರಾರು ಕಂಪನಿಗಳಿಗೆ ತನ್ನ ಹೆಸರನ್ನು ಬಳಸುವ ಹಕ್ಕನ್ನು ಮಾರಿ ಆತ ಅಪಾರ ಧನ ಸಂಪಾದಿಸಿದನು. ಲೇಖನಿಯ ಮೇಲೂ ಸಾಬೂನಿನ ಮೇಲೂ ಅದೇ ಹೆಸರು ಕಾಣಿಸಿಕೊಂಡಮೇಲೆ ಅದಕ್ಕಿದ್ದ ಬೆರಗು ಸವೆದುಹೋಯಿತು. ಇನ್ನೊಂದು ತುದಿಯ ಉದಾಹರಣೆ ಇಂಗ್ಲೆಂಡಿನ ಬರ್ಬೆರಿ ಸಂಸ್ಥೆಯದು. ಮಾರಾಟವಾಗದೆ ಉಳಿದ ಸರಕು ಅಗ್ಗದ ಅಂಗಡಿ ಸೇರಿ ಮಾನ ಕಳೆಯಬಾರದೆಂದು, 2018ಕ್ಕೆ ಕೊನೆಗೊಂಡ ಒಂದೇ ವರ್ಷದಲ್ಲಿ ಅವರು ಸುಮಾರು 2 ಕೋಟಿ 86 ಲಕ್ಷ ಪೌಂಡು ಮೌಲ್ಯದ ವಸ್ತುಗಳನ್ನು ನಾಶಪಡಿಸಿದ್ದರು. ವಿಷಯ ಬಯಲಾಗಿ ಜನ ಛೀಮಾರಿ ಹಾಕಿದಮೇಲೆ ಅದೇ ವರ್ಷ ಆ ಪದ್ಧತಿಯನ್ನು ಕೈಬಿಟ್ಟರು. ಉಳಿದ ಸರಕನ್ನು ಹೀಗೆ ನಾಶಮಾಡುವುದನ್ನು ಫ್ರಾನ್ಸ್ 2020ರ ಕಾನೂನಿನಿಂದ ನಿಷೇಧಿಸಿದೆ. ಅಗ್ಗವಾಗುವುದಕ್ಕಿಂತ ಬೂದಿಯಾಗುವುದು ಲೇಸೆಂಬ ವ್ಯಾಪಾರನೀತಿಗೆ ಕೊನೆಗೆ ಸರ್ಕಾರವೇ ಅಡ್ಡಬರಬೇಕಾಯಿತು.

ಎರ್ಮೆಸ್ ಈ ಎರಡು ಹಳ್ಳಗಳಿಗೂ ಬೀಳದೆ ನಡೆದಿದೆ. 2024ರಲ್ಲಿ ಅದರ ಮಾರಾಟ 1,520 ಕೋಟಿ ಯೂರೋ; ಅದರಲ್ಲಿ ಶೇಕಡ 40ಕ್ಕೂ ಹೆಚ್ಚು ಚರ್ಮದ ವಸ್ತು ಮತ್ತು ಜೀನುಗಳಿಂದ ಬಂದದ್ದು. ವರ್ಷಕ್ಕೆ ಎಷ್ಟು ಬರ್ಕಿನ್ನುಗಳನ್ನು ಹೊಲಿಯುತ್ತಾರೆಂಬ ಲೆಕ್ಕವನ್ನು ಮಾತ್ರ ಸಂಸ್ಥೆ ಹೊರಗೆಡಹುವುದಿಲ್ಲ. ಲೂಯಿ ವಿಟಾನ್, ಡಿಯೋರ್ ಮೊದಲಾದ ಎಪ್ಪತ್ತಕ್ಕೂ ಮಿಕ್ಕಿದ ಹೆಸರುಗಳ ಒಡೆಯನಾದ ಎಲ್‌ವಿಎಂಎಚ್ ಸಮೂಹ ಮಾರಾಟದಲ್ಲಿ ಇದರ ಐದು ಪಟ್ಟಿಗೂ ಹೆಚ್ಚು. ಆದರೂ 2025ರ ಏಪ್ರಿಲಿನಲ್ಲಿ ಷೇರು ಪೇಟೆಯ ಮೌಲ್ಯದಲ್ಲಿ ಜೀನುಗಾರನ ಅಂಗಡಿ ಆ ಮಹಾಸಮೂಹವನ್ನು ಹಿಂದೆ ಹಾಕಿತು. 2010ರಲ್ಲಿ ಇದೇ ಸಮೂಹ ಸದ್ದಿಲ್ಲದೆ ಎರ್ಮೆಸ್ ಷೇರುಗಳನ್ನು ಶೇಖರಿಸಿ ಮನೆತನದವರನ್ನು ಬೆಚ್ಚಿಬೀಳಿಸಿತ್ತು. ದಾಯಾದಿಗಳೆಲ್ಲ ಒಟ್ಟುಗೂಡಿ ತಮ್ಮ ಷೇರುಗಳನ್ನು ಒಂದೇ ಬೀಗದ ಕೆಳಗಿಟ್ಟು ಮನೆ ಉಳಿಸಿಕೊಂಡರು.

ನ್ಯಾಯಾಲಯದ ಮೆಟ್ಟಿಲು

ಕಡೆಗೊಮ್ಮೆ ಗಿರಾಕಿಗಳ ತಾಳ್ಮೆ ತಪ್ಪಿತು. 2024ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಇಬ್ಬರು, ಬರ್ಕಿನ್ ಪಡೆಯಬೇಕಾದರೆ ಬೇರೆ ವಸ್ತುಗಳನ್ನು ಕೊಳ್ಳಲೇಬೇಕಾದ ಒತ್ತಾಯವಿದೆ, ಇದು ನ್ಯಾಯವಾದ ಪೈಪೋಟಿಗೆ ವಿರುದ್ಧ, ಎಂದು ಸ್ಯಾನ್ ಫ್ರಾನ್ಸಿಸ್ಕೊದ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಮಾರಾಟಗಾರರಿಗೆ ಇತರ ವಸ್ತುಗಳ ಮೇಲೆ ದಳ್ಳಾಳಿ ಹಣ ಉಂಟು, ಬರ್ಕಿನ್ನಿನ ಮೇಲೆ ಇಲ್ಲ. ಹೀಗೆ ಚೀಲವನ್ನು ಗಾಳದ ಎರೆಯಾಗಿ ಮಾಡಿಕೊಂಡಿದ್ದಾರೆ, ಎಂದೂ ಅವರು ಆರೋಪಿಸಿದರು. ಸಂಸ್ಥೆ ಇದನ್ನೆಲ್ಲ ನಿರಾಕರಿಸಿತು. ದೂರನ್ನು ತಿದ್ದಿ ತಿದ್ದಿ ಸಲ್ಲಿಸಿದರೂ ಫಲವಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಜೇಮ್ಸ್ ಡೊನಾಟೊ ದಾವೆಯನ್ನು ಅಂತಿಮವಾಗಿ ವಜಾ ಮಾಡಿದರು. ಪೈಪೋಟಿಗೆ ಧಕ್ಕೆಯಾದುದನ್ನು ಫಿರ್ಯಾದಿಗಳು ತೋರಿಸಿಕೊಟ್ಟಿಲ್ಲವೆಂಬುದು ತೀರ್ಪಿನ ಸಾರ. ಕಾನೂನಿನ ದೃಷ್ಟಿಯಿಂದ ಇದು ಸರಿಯೇ ಇರಬೇಕು. ಅನ್ನ, ಔಷಧ, ಸೂರುಗಳಂತೆ ಇದು ಇಲ್ಲದೆ ಬದುಕಲಾಗದ ವಸ್ತುವಲ್ಲ. ಬೇಡವೆಂದು ಹೊರನಡೆಯುವ ಬಾಗಿಲು ಸದಾ ತೆರೆದಿದೆ. ಆ ಬಾಗಿಲನ್ನು ಕಾಣದಂತೆ ಮಾಡುವುದೇ ವ್ಯಾಪಾರಿಯ ವಿದ್ಯೆ.

ಅಂಗಡಿಯಲ್ಲಿ ದೊರೆಯದವರು ಎರಡನೆಯ ಕೈಯ ಪೇಟೆಗೆ ಹೋಗುತ್ತಾರೆ. ಅಲ್ಲಿ ಹೊಸ ಚೀಲಕ್ಕೆ ಅಂಗಡಿಯ ಬೆಲೆಯ ಎರಡರಷ್ಟು ಕೇಳುವುದು ಬಹುಕಾಲ ವಾಡಿಕೆಯಾಗಿತ್ತು. ಅತಿ ದುಬಾರಿಯಾದವುಗಳಲ್ಲೊಂದರ ಹೆಸರು ನಮ್ಮದೇ: ‘ಹಿಮಾಲಯ’. ನೈಲ್ ಮೊಸಳೆಯ ಚರ್ಮವನ್ನು ಬೂದುಬಣ್ಣದಿಂದ ಹಿಮದ ಬಿಳುಪಿಗೆ ತಿರುಗುವಂತೆ ಹದಮಾಡಿ ಹೊಲಿದ ಈ ಬಗೆಯ ಕೆಲ್ಲಿ ಚೀಲವೊಂದು 2021ರಲ್ಲಿ ಹಾಂಗ್‌ಕಾಂಗಿನ ಹರಾಜಿನಲ್ಲಿ ಐದು ಲಕ್ಷ ಡಾಲರು ದಾಟಿತು. ಬಡ ಮೊಸಳೆಯ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಕೇಳಿದವಳೆಂದರೆ ಜೇನ್ ಬರ್ಕಿನ್. 2015ರಲ್ಲಿ ಪ್ರಾಣಿದಯಾ ಸಂಘದವರು ಮೊಸಳೆ ಸಾಕಣೆಯ ತಾಣಗಳಲ್ಲಿ ನಡೆಯುವ ಕ್ರೌರ್ಯದ ಚಿತ್ರಗಳನ್ನು ಪ್ರಕಟಿಸಿದಾಗ, ಮೊಸಳೆಯ ಚರ್ಮದ ಚೀಲದಿಂದ ತನ್ನ ಹೆಸರನ್ನು ತೆಗೆದುಹಾಕಿರೆಂದು ಆಕೆ ಬಹಿರಂಗವಾಗಿ ಕೇಳಿದಳು. ಸಂಸ್ಥೆ ವಿಚಾರಣೆ ನಡೆಸಿ ಕ್ರಮ ಕೈಗೊಳ್ಳುವ ಭರವಸೆಯಿತ್ತ ಮೇಲೆ ಸಮಾಧಾನ ತಾಳಿದಳು.

ಆಕೆಯ ಮೊದಲ ಚೀಲದ ಕಥೆ ಇನ್ನೂ ಉಳಿದಿದೆ. ಸುಮಾರು ಹತ್ತು ವರ್ಷ ಅದನ್ನು ಹಗಲಿರುಳು ದುಡಿಸಿಕೊಂಡು, 1994ರಲ್ಲಿ ಏಡ್ಸ್ ರೋಗದ ವಿರುದ್ಧ ಹೋರಾಡುವವರ ನಿಧಿಗಾಗಿ ಆಕೆ ಹರಾಜಿಗೆ ಕೊಟ್ಟುಬಿಟ್ಟಳು. 2011ರಲ್ಲಿ ಜಪಾನಿನ ಭೂಕಂಪ ಸಂತ್ರಸ್ತರಿಗಾಗಿ ಮತ್ತೊಂದನ್ನು ಹೀಗೆಯೇ ಕೊಟ್ಟಳು. 2023ರ ಜುಲೈಯಲ್ಲಿ ಆಕೆ ಪ್ಯಾರಿಸಿನಲ್ಲಿ ತೀರಿಕೊಂಡಳು. ಎರಡು ವರ್ಷಗಳ ಅನಂತರ, 2025ರ ಜುಲೈ 10ರಂದು, ಅದೇ ನಗರದ ಸಾಥೆಬಿ ಹರಾಜು ಮಳಿಗೆಯಲ್ಲಿ ಆ ಮೊದಲ ಚೀಲ ಮತ್ತೆ ಕಟ್ಟೆಯೇರಿತು. ಚರ್ಮ ಸವೆದಿತ್ತು, ಅಂಟಿಸಿದ್ದ ಚೀಟಿಗಳ ಗುರುತು ಮಾಸಿರಲಿಲ್ಲ, ಮುಚ್ಚಳದ ಮೇಲೆ ‘ಜೆ. ಬಿ.’ ಎಂಬ ಅಕ್ಷರಗಳಿದ್ದವು. ಹತ್ತು ಲಕ್ಷ ಯೂರೋಗಳಿಂದ ಆರಂಭವಾದ ಕೂಗು ಹತ್ತು ನಿಮಿಷಗಳಲ್ಲಿ 70 ಲಕ್ಷಕ್ಕೇರಿ, ಮಳಿಗೆಯವರ ಶುಲ್ಕವೂ ಸೇರಿ 86 ಲಕ್ಷ ಯೂರೋಗಳಲ್ಲಿ, ಎಂದರೆ ಸುಮಾರು 86 ಕೋಟಿ ರೂಪಾಯಿಗಳಲ್ಲಿ ನಿಂತಿತು. ಕೊಂಡವರು ಹಳೆಯ ಬೆಲೆಬಾಳುವ ವಸ್ತುಗಳ ವ್ಯಾಪಾರವನ್ನೇ ಕಸುಬಾಗುಳ್ಳ ಜಪಾನಿನ ಒಂದು ಸಂಸ್ಥೆಯವರು. ಉಗುರು ಕತ್ತರಿಸುವ ಸಾಧನವೂ ಪಟ್ಟಿಯಲ್ಲಿ ತೂಗುತ್ತಲೇ ಚೀಲದೊಡನೆ ಅವರ ಪಾಲಾಯಿತು.